ಬಟನ್ ಯಾರ ಮಾತು ಕೇಳುತ್ತದೆ?

ಆಂಡ್ರಾಯ್ಡ್‌ನ ಮೂಲ ಕೋಡ್ ಎಲ್ಲರಿಗೂ ತೆರೆದಿದೆ. ಅದರಲ್ಲಿ ‘ಬಟನ್’ ಎಂಬ ಕ್ಲಾಸ್ (ಪರದೆಯ ಬಟನ್‌ಗಳನ್ನು ಹುಟ್ಟಿಸುವ ಕೋಡ್‌ನ ಅಚ್ಚು) ಇರುವ ಕಡತವನ್ನು ಕುತೂಹಲದಿಂದ ತೆರೆದವರಿಗೆ ಮೊದಲು ಆಗುವುದು ನಿರಾಶೆ. ಪರವಾನಗಿಯ ಒಕ್ಕಣೆಯನ್ನೂ ಬಳಕೆಯ ವಿವರಣೆಯನ್ನೂ ಕಳೆದರೆ ಉಳಿಯುವ ಕೋಡ್ ತೀರಾ ಕಡಿಮೆ. ಒತ್ತಿದಾಗ ಬಣ್ಣ ಬದಲಾಗುವುದು, ಅಂಚು ದುಂಡಗಿರುವುದು, ಅಕ್ಷರ ನಟ್ಟನಡುವೆ ಕೂರುವುದು, ಇವುಗಳಲ್ಲಿ ಒಂದನ್ನೂ ಆ ಕ್ಲಾಸ್ ಮಾಡುವುದಿಲ್ಲ. ಪರದೆಯ ಮೇಲೆ ಬರೀ ಅಕ್ಷರ ತೋರಿಸುವ ಟೆಕ್ಸ್ಟ್‌ವ್ಯೂ ಎಂಬ ಘಟಕದಿಂದ ಅದು ಹುಟ್ಟಿದೆ. ಹೆತ್ತವರಿಗಿಂತ ಹೆಚ್ಚಿನ ವಿದ್ಯೆ ಅದಕ್ಕೆ ಬರುವುದು ಅತ್ಯಲ್ಪ.

ಹಾಗಾದರೆ ಬಟನ್ ಬಟನ್ ಆಗುವುದು ಎಲ್ಲಿ? ಅದರ ಕನ್‌ಸ್ಟ್ರಕ್ಟರ್‌ನ, ಅಂದರೆ ಘಟಕ ಹುಟ್ಟುವಾಗ ಓಡುವ ಕೋಡ್‌ನ, ಒಂದೇ ಒಂದು ಸಾಲಿನಲ್ಲಿ. ತನ್ನನ್ನು ಕಟ್ಟುವ ಹೊತ್ತಿಗೆ ಅದು ಟೆಕ್ಸ್ಟ್‌ವ್ಯೂಗೆ ‘ಬಟನ್‌ಸ್ಟೈಲ್’ ಎಂಬ ಹೆಸರನ್ನು ದಾಟಿಸುತ್ತದೆ. ನನ್ನ ರೂಪದ ಬಗ್ಗೆ ಯಾರೂ ಏನೂ ಹೇಳದಿದ್ದರೆ ಆ್ಯಪ್‌ನ ರೂಪದ ಗುಣಗಳ ಪಟ್ಟಿಯಾದ ಥೀಮ್‌ನಲ್ಲಿ ಈ ಹೆಸರಿನಡಿ ಏನಿದೆಯೋ ಅದನ್ನು ಓದಿಕೊಂಡು ಹಾಗೆಯೇ ನನ್ನನ್ನು ಬಿಡಿಸು ಎಂದು ಅದರ ಅರ್ಥ. ಬರೆಯುವ ಪೆಟ್ಟಿಗೆಯಾದ ಎಡಿಟ್‌ಟೆಕ್ಸ್ಟ್ ಹುಟ್ಟಿರುವುದೂ ಟೆಕ್ಸ್ಟ್‌ವ್ಯೂನಿಂದಲೇ. ಅದು ದಾಟಿಸುವ ಹೆಸರು ‘ಎಡಿಟ್‌ಟೆಕ್ಸ್ಟ್‌ಸ್ಟೈಲ್’. ಒಂದೇ ಮನೆಯ ಈ ಎರಡು ಘಟಕಗಳು ಪರದೆಯ ಮೇಲೆ ಗುರುತು ಸಿಗದಷ್ಟು ಬೇರೆಯಾಗಿ ಕಾಣುವುದಕ್ಕೆ ಬಹುಪಾಲು ಕಾರಣ ಇಷ್ಟೇ.

ಈ ಒಂದು ಸಾಲು ಅರ್ಥವಾದರೆ, ಮರುಬಳಕೆಯ ಘಟಕಗಳನ್ನು ಬೇಕಾದಂತೆ ಒಗ್ಗಿಸಿಕೊಳ್ಳುವ ಇಡೀ ವಿದ್ಯೆಯ ಅರ್ಧ ಭಾಗ ಅರ್ಥವಾದ ಹಾಗೆ. ಹೊಸದಾಗಿ ಆ್ಯಪ್ ಬರೆಯುವವರು ಇದನ್ನು ಬಣ್ಣ ಕೊಡುವ ಕೆಲಸ ಎಂದುಕೊಳ್ಳುತ್ತಾರೆ. ಅಸಲಿಗೆ ಇದು ಯಾರ ಮಾತು ಮೊದಲು, ಯಾರ ಮಾತು ಆಮೇಲೆ ಎಂಬ ಸರದಿಯ ವಿಚಾರ. ಆ ಸರದಿ ನಡೆಯಬೇಕಾದರೆ ‘ಏನೂ ಹೇಳಿಲ್ಲ’ ಮತ್ತು ‘ಏನೂ ಬೇಡ ಎಂದು ಹೇಳಿದೆ’ ಎಂಬ ಎರಡು ಸಂಗತಿಗಳನ್ನು ಯಂತ್ರ ಬೇರೆ ಬೇರೆಯಾಗಿ ಗುರುತಿಸಬೇಕು. ಈ ವಲಯದಲ್ಲಿ ಜನರನ್ನು ಗಂಟೆಗಟ್ಟಲೆ ಕಾಡುವ ತೊಂದರೆಗಳನ್ನು ಕೆದಕಿದರೆ, ಬಹುತೇಕ ಇವೆರಡು ಒಂದಕ್ಕೊಂದು ಕಲಸಿಹೋದದ್ದೇ ಅಡಿಯಲ್ಲಿ ಸಿಗುತ್ತದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹಣ ಕಳಿಸುವ ಆ್ಯಪ್‌ನಲ್ಲಿ ಮೊತ್ತ ಬರೆಯುವ ಪೆಟ್ಟಿಗೆ. ಎಡಗಡೆ ರೂಪಾಯಿ ಚಿಹ್ನೆ. ಅಂಕಿ ಒತ್ತುತ್ತ ಹೋದಂತೆ ಸಾವಿರ, ಲಕ್ಷ, ಕೋಟಿಗೆ ತಕ್ಕ ಜಾಗದಲ್ಲಿ ಅಲ್ಪವಿರಾಮ ತಾನಾಗಿ ಬೀಳುತ್ತದೆ. ಹಣ ಕಳಿಸುವ ಪುಟದಲ್ಲಿ ಇದು ದೊಡ್ಡ ಅಕ್ಷರದಲ್ಲಿ ಬೇಕು, ವಿದ್ಯುತ್ ಬಿಲ್ ಪುಟದಲ್ಲಿ ಸಣ್ಣದಾಗಿ ಬೇಕು, ರೀಚಾರ್ಜ್ ಪುಟದಲ್ಲಿ ಕಡುನೀಲಿ ಹಿನ್ನೆಲೆಯ ಮೇಲೆ ಬಿಳಿಯಾಗಿ ಬೇಕು.

ಅವಸರದಲ್ಲಿರುವವರು ಹಿಡಿಯುವ ದಾರಿ ಎರಡು. ಕ್ಲಾಸ್ ಅನ್ನು ಮೂರು ಪ್ರತಿ ಮಾಡಿ ಮೂರರಲ್ಲೂ ಬಣ್ಣ ತಿದ್ದುವುದು ಮೊದಲನೆಯದು. ಒಂದು ಕೋಟಿ ದಾಟಿದಾಗ ಅಲ್ಪವಿರಾಮ ತಪ್ಪುತ್ತಿದೆ ಎಂದು ದೂರು ಬಂದಾಗ ಒಂದು ಪ್ರತಿಯಲ್ಲಿ ಸರಿಮಾಡಿ ಇನ್ನೆರಡನ್ನು ಮರೆಯುವುದು ಅದರ ಸಹಜ ಮುಂದುವರಿಕೆ. ಎರಡನೆಯ ದಾರಿ ಇನ್ನೂ ಗೌರವಸ್ಥ ವೇಷದ್ದು: ಕ್ಲಾಸ್ ಒಂದೇ ಇಟ್ಟು, ಕನ್‌ಸ್ಟ್ರಕ್ಟರ್‌ಗೆ ‘ಚಿಕ್ಕದೇ?’, ‘ಕಡು ಹಿನ್ನೆಲೆಯೇ?’, ‘ಬಿಲ್ ಪುಟವೇ?’ ಎಂದು ಒಂದೊಂದೇ ನಿಯತಾಂಕ (ಪ್ಯಾರಾಮೀಟರ್) ಸೇರಿಸುತ್ತ ಹೋಗುವುದು. ತಾನು ಬಿಲ್ ಪುಟದಲ್ಲಿದ್ದೇನೆ ಎಂಬುದು ಮೊತ್ತದ ಪೆಟ್ಟಿಗೆಗೆ ಏಕೆ ಗೊತ್ತಿರಬೇಕು? ಮುಂದೆ ವಿಮೆಯ ಪುಟ ಬಂದರೆ? ಪುಟ ಹೆಚ್ಚಿದಂತೆಲ್ಲ ಕ್ಲಾಸ್ ಒಳಗಿನ ಕವಲುಗಳು ಹೆಚ್ಚುತ್ತವೆ, ಯಾರೂ ಮುಟ್ಟಲು ಹೆದರುವ ಕಡತವೊಂದು ತಯಾರಾಗುತ್ತದೆ.

ಆಂಡ್ರಾಯ್ಡ್ ಕಟ್ಟಿದವರು ಬೇರೆ ದಾರಿ ಹಿಡಿದರು. ಅಲ್ಪವಿರಾಮ ಎಲ್ಲಿ ಬೀಳಬೇಕು, ಎಷ್ಟು ಅಂಕಿಗೆ ನಿಲ್ಲಬೇಕು ಎಂಬ ನಡವಳಿಕೆ ಕ್ಲಾಸ್‌ನಲ್ಲಿರಲಿ. ಬಣ್ಣ, ಗಾತ್ರ, ಅಂಚು, ಹಿನ್ನೆಲೆ ಎಂಬ ರೂಪದ ಗುಣಗಳು ಹೊರಗಡೆ ಎಕ್ಸ್‌ಎಂಎಲ್ ಕಡತದಲ್ಲಿ ಸ್ಟೈಲ್ ಎಂಬ ಹೆಸರಿನ ಗಂಟಾಗಿರಲಿ. ಇವೆರಡೂ ಭೇಟಿಯಾಗುವ ಜಾಗ ಕನ್‌ಸ್ಟ್ರಕ್ಟರ್ ಆಗಿರಲಿ ಎಂದು. ಘಟಕ ಹುಟ್ಟುವಾಗ ಒಮ್ಮೆ ತನ್ನ ಗುಣಗಳ ಬಗ್ಗೆ ವಿಚಾರಿಸಿಕೊಳ್ಳುತ್ತದೆ, ಆಮೇಲೆ ತನ್ನ ಪಾಡಿಗೆ ಇರುತ್ತದೆ.

ಈ ವಿಚಾರಣೆ ನಡೆಯುವ ಕ್ರಮ ಹೀಗಿದೆ. ರೂಪಾಯಿ ಚಿಹ್ನೆಯ ಬಣ್ಣ ಯಾವುದು ಎಂದು ತಿಳಿಯಬೇಕಾಗಿದೆ ಎಂದುಕೊಳ್ಳಿ. ಮೊದಲು ನೋಡುವುದು, ಪುಟದಲ್ಲಿ ಯಾವ ಘಟಕ ಎಲ್ಲಿ ಎಂದು ಬರೆದಿಡುವ ಲೇಔಟ್ ಕಡತದಲ್ಲಿ ಆ ಪೆಟ್ಟಿಗೆಯ ಮೇಲೆಯೇ ನೇರವಾಗಿ ಬರೆದದ್ದನ್ನು. ಅಲ್ಲಿ ಇಲ್ಲದಿದ್ದರೆ ಆ ಪೆಟ್ಟಿಗೆಗೆ ಅಂಟಿಸಿದ ಸ್ಟೈಲ್‌ನಲ್ಲಿ. ಅಲ್ಲೂ ಇಲ್ಲದಿದ್ದರೆ ಕನ್‌ಸ್ಟ್ರಕ್ಟರ್ ಸೂಚಿಸಿದ ಡೀಫಾಲ್ಟ್ ಸ್ಟೈಲ್‌ನಲ್ಲಿ. ಅದೂ ಸುಮ್ಮನಿದ್ದರೆ ಕೊನೆಗೆ ಥೀಮ್‌ನಲ್ಲಿ ನೇರವಾಗಿ ಬರೆದಿರುವ ಬೆಲೆ. ಮೊದಲು ಸಿಕ್ಕ ಉತ್ತರವೇ ಅಂತಿಮ. ಮುಖ್ಯವಾದ ಸಂಗತಿಯೆಂದರೆ ಈ ಹುಡುಕಾಟ ಪ್ರತಿಯೊಂದು ಗುಣಕ್ಕೂ ಪ್ರತ್ಯೇಕವಾಗಿ ನಡೆಯುತ್ತದೆ. ಬಣ್ಣ ಲೇಔಟ್‌ನಿಂದ ಬರಬಹುದು, ಅಕ್ಷರದ ಗಾತ್ರ ಅಂಟಿಸಿದ ಸ್ಟೈಲ್‌ನಿಂದ, ಹಿನ್ನೆಲೆ ಡೀಫಾಲ್ಟ್‌ನಿಂದ. ಪರದೆಯ ಮೇಲೆ ಕಾಣುವ ಒಂದು ಪೆಟ್ಟಿಗೆ ನಾಲ್ಕು ಕಡೆಯವರ ಮಾತು ಸೇರಿ ಆದದ್ದು. ‘ನಾನು ಸ್ಟೈಲ್ ಬದಲಿಸಿದರೂ ಗಾತ್ರ ಬದಲಾಗುತ್ತಿಲ್ಲ’ ಎಂದು ಗೊಣಗುವವರ ಲೇಔಟ್ ಕಡತದಲ್ಲಿ ಹಿಂದೆಂದೋ ಯಾರೋ ಬರೆದಿಟ್ಟ ಗಾತ್ರವೊಂದು ಇದ್ದೇ ಇರುತ್ತದೆ.

ಈಗ ಕನ್‌ಸ್ಟ್ರಕ್ಟರ್‌ಗಳಿಗೆ ಬರೋಣ. ಈ ಘಟಕಗಳೆಲ್ಲ ಹುಟ್ಟುವ ವ್ಯೂ ಎಂಬ ಮೂಲ ಕ್ಲಾಸ್‌ಗೆ ಹೊರಗಿನವರು ಕರೆಯಬಹುದಾದ ಕನ್‌ಸ್ಟ್ರಕ್ಟರ್‌ಗಳು ನಾಲ್ಕಿವೆ. ಹೊಸಬರು ಇವನ್ನು ಕಂಡರೆ ಸಿಡುಕುವುದು ಸಹಜ, ಒಂದು ಕೆಲಸಕ್ಕೆ ನಾಲ್ಕು ಬಾಗಿಲು ಏಕೆ ಎಂದು. ಸರದಿಯನ್ನು ನೆನಪಿಟ್ಟುಕೊಂಡರೆ ಉತ್ತರ ಸಿಗುತ್ತದೆ. ಮೊದಲನೆಯದು ಥೀಮ್ ಮೊದಲಾದ ಪರಿಸರದ ವಿವರ ಹೊತ್ತ ಕಾಂಟೆಕ್ಸ್ಟ್ ಒಂದನ್ನೇ ತೆಗೆದುಕೊಳ್ಳುತ್ತದೆ; ಕೋಡ್‌ನಿಂದ ನೇರವಾಗಿ ಘಟಕ ಕಟ್ಟುವವರಿಗೆ ಇದು. ಎರಡನೆಯದು ಅದರ ಜೊತೆಗೆ ಲೇಔಟ್ ಕಡತದಲ್ಲಿ ಬರೆದ ಗುಣಗಳ ಕಟ್ಟನ್ನು ತೆಗೆದುಕೊಳ್ಳುತ್ತದೆ. ಲೇಔಟ್ ಕಡತವನ್ನು ಓದಿ ಘಟಕಗಳನ್ನು ಹುಟ್ಟಿಸುವ ಇನ್‌ಫ್ಲೇಟರ್ ಹುಡುಕುವುದು ಈ ಎರಡನೆಯದನ್ನೇ. ನಿಮ್ಮ ಕ್ಲಾಸ್‌ನಲ್ಲಿ ಅದಿಲ್ಲದಿದ್ದರೆ ಕಂಪೈಲರ್ ಚಕಾರ ಎತ್ತುವುದಿಲ್ಲ. ಆ ಪುಟ ತೆರೆದಾಗ ಆ್ಯಪ್ ಕುಸಿಯುತ್ತದೆ.

ಮೂರನೆಯದನ್ನು ಲೇಔಟ್ ಬರೆಯುವವರಿಗಾಗಿ ಮಾಡಿದ್ದಲ್ಲ, ನಿಮ್ಮ ಕ್ಲಾಸ್‌ನಿಂದ ಇನ್ನೊಂದು ಕ್ಲಾಸ್ ಹುಟ್ಟಿಸುವವರಿಗಾಗಿ ಮಾಡಿದ್ದು. ಅದರ ಮೂರನೆಯ ನಿಯತಾಂಕದ ಹೆಸರು ‘ಡೆಫ್‌ಸ್ಟೈಲ್‌ಆಟ್ರ್’. ಬಟನ್ ದಾಟಿಸುವ ‘ಬಟನ್‌ಸ್ಟೈಲ್’ ಹೋಗಿ ಕೂರುವುದು ಇಲ್ಲಿ. ಗಮನಿಸಿ, ಇದು ಸ್ಟೈಲ್ ಅಲ್ಲ, ಸ್ಟೈಲ್ ಎಲ್ಲಿದೆ ಎಂದು ಥೀಮ್‌ನಲ್ಲಿ ಹುಡುಕಬೇಕಾದ ಹೆಸರು. ಈ ಒಂದು ಸುತ್ತುದಾರಿಯಿಂದಲೇ ಆ್ಯಪ್‌ನ ಥೀಮ್ ಬದಲಿಸಿದರೆ ಎಲ್ಲ ಬಟನ್‌ಗಳೂ ಒಟ್ಟಿಗೆ ಬದಲಾಗುತ್ತವೆ, ಬಟನ್ ಕ್ಲಾಸ್ ಅನ್ನು ಯಾರೂ ಮುಟ್ಟಬೇಕಾಗಿಲ್ಲ. ನಾಲ್ಕನೆಯ ಕನ್‌ಸ್ಟ್ರಕ್ಟರ್ ಬಂದದ್ದು ಎಪಿಐ 21ರಲ್ಲಿ, ಅಂದರೆ 2014ರ ಆಂಡ್ರಾಯ್ಡ್ 5.0ರಲ್ಲಿ. ಅದರ ‘ಡೆಫ್‌ಸ್ಟೈಲ್‌ರೆಸ್’ ಎಂಬ ನಿಯತಾಂಕ ನೇರವಾಗಿ ಒಂದು ಸ್ಟೈಲ್ ಅನ್ನೇ ಹೆಸರಿಸುತ್ತದೆ. ಮೂರನೆಯ ನಿಯತಾಂಕ ಸೊನ್ನೆಯಾಗಿದ್ದರೆ ಅಥವಾ ಆ ಹೆಸರು ಥೀಮ್‌ನಲ್ಲಿ ಸಿಗದಿದ್ದರೆ ಮಾತ್ರ ಇದರ ಕಡೆ ತಿರುಗಿ ನೋಡಲಾಗುತ್ತದೆ.

ಇಲ್ಲೊಂದು ಸೂಕ್ಷ್ಮ ಇದೆ, ಬಹಳ ಮಂದಿ ಇದನ್ನು ಹಾರಿಸಿಬಿಡುತ್ತಾರೆ. ಥೀಮ್‌ನಲ್ಲಿ ಸಿಕ್ಕ ಸ್ಟೈಲ್ ಮತ್ತು ನಾಲ್ಕನೆಯ ನಿಯತಾಂಕದ ಸ್ಟೈಲ್ ಒಂದರೊಳಗೊಂದು ಬೆರೆಯುವುದಿಲ್ಲ. ಒಂದು ಸಿಕ್ಕರೆ ಇನ್ನೊಂದರ ಕಥೆ ಮುಗಿಯಿತು. ಮೊತ್ತದ ಪೆಟ್ಟಿಗೆಗೆ ಹತ್ತು ಗುಣಗಳ ಸ್ಟೈಲ್ ಒಂದನ್ನು ನೀವು ಡೆಫ್‌ಸ್ಟೈಲ್‌ರೆಸ್ ಆಗಿ ಕೊಟ್ಟಿದ್ದೀರಿ. ಬಳಸುವವರು ತಮ್ಮ ಥೀಮ್‌ನಲ್ಲಿ ಚಿಹ್ನೆಯ ಬಣ್ಣ ಒಂದನ್ನೇ ಹೇಳುವ ಪುಟ್ಟ ಸ್ಟೈಲ್ ಇಟ್ಟರು. ಫಲ: ಉಳಿದ ಒಂಬತ್ತೂ ಮಾಯ. ಆದ್ದರಿಂದ ಬಳಸುವವರು ಬರೆಯುವ ಸ್ಟೈಲ್‌ಗೆ ನಿಮ್ಮ ಸ್ಟೈಲ್ ಪೇರೆಂಟ್ (ಹೇಳದೆ ಬಿಟ್ಟ ಗುಣಗಳನ್ನು ಕೊಡುವ ಮೂಲ ಸ್ಟೈಲ್) ಆಗಿರಬೇಕು. ಅದಕ್ಕೆ ನಿಮ್ಮ ಸ್ಟೈಲ್‌ಗೆ ಒಂದು ಒಳ್ಳೆಯ ಹೆಸರಿಟ್ಟು, ಇದರಿಂದ ಹುಟ್ಟಿಸಿಕೊಳ್ಳಿ ಎಂದು ಬರೆದಿಡುವುದು ಘಟಕ ಬರೆಯುವವರ ಕರ್ತವ್ಯ.

ಇನ್ನು ನಾನು ಆಗಲೇ ಹೇಳಿದ ಕಲಸುವಿಕೆ. ಕೋಟ್ಲಿನ್ ಭಾಷೆ ಬಂದ ಮೇಲೆ ನಾಲ್ಕು ಕನ್‌ಸ್ಟ್ರಕ್ಟರ್ ಬರೆಯುವ ಬೇಸರ ತಪ್ಪಿತು. ಒಂದೇ ಕನ್‌ಸ್ಟ್ರಕ್ಟರ್ ಬರೆದು, ನಿಯತಾಂಕಗಳಿಗೆ ಡೀಫಾಲ್ಟ್ ಬೆಲೆ ಕೊಟ್ಟು, ನೆತ್ತಿಯ ಮೇಲೆ ‘ಜೆವಿಎಂ ಓವರ್‌ಲೋಡ್ಸ್’ ಎಂಬ ಟಿಪ್ಪಣಿ ಅಂಟಿಸಿದರೆ ಉಳಿದ ರೂಪಗಳು ತಾವಾಗಿ ಹುಟ್ಟುತ್ತವೆ. ಗುಣಗಳ ಕಟ್ಟಿಗೆ ಡೀಫಾಲ್ಟ್ ‘ನಲ್’ (ಖಾಲಿ), ಡೆಫ್‌ಸ್ಟೈಲ್‌ಆಟ್ರ್‌ಗೆ ಡೀಫಾಲ್ಟ್ ಸೊನ್ನೆ. ನೋಡಲು ಅಚ್ಚುಕಟ್ಟು. ಅಂತರ್ಜಾಲದಲ್ಲಿ ಸಿಗುವ ಮಾದರಿಗಳಲ್ಲಿ ಎಷ್ಟೋ ಹೀಗೇ ಇವೆ. ಖಾಲಿ ವ್ಯೂನಿಂದ ಹುಟ್ಟಿಸಿದ ಘಟಕಕ್ಕೆ ಇದರಿಂದ ಏನೂ ಆಗುವುದಿಲ್ಲ, ಹಾಗಾಗಿ ಅಭ್ಯಾಸ ಗಟ್ಟಿಯಾಗುತ್ತದೆ.

ಅದೇ ಅಭ್ಯಾಸದ ಕೈ ಎಡಿಟ್‌ಟೆಕ್ಸ್ಟ್‌ನಿಂದ ಮೊತ್ತದ ಪೆಟ್ಟಿಗೆಯನ್ನು ಹುಟ್ಟಿಸುತ್ತದೆ. ಆ್ಯಪ್ ಏಳುತ್ತದೆ, ಪುಟ ತೆರೆಯುತ್ತದೆ, ಪೆಟ್ಟಿಗೆಯ ಅಡಿಗೆರೆ ಕಾಣಿಸುವುದಿಲ್ಲ. ಹೋಗಲಿ, ಬಣ್ಣದ ಸಮಸ್ಯೆ ಎಂದುಕೊಂಡು ಬೆರಳಿಟ್ಟರೆ ಕರ್ಸರ್ ಮೂಡುವುದಿಲ್ಲ, ಕೀಬೋರ್ಡ್ ಮೇಲೇಳುವುದಿಲ್ಲ. ಅಲ್ಪವಿರಾಮ ಹಾಕುವ ಕೋಡ್‌ನಲ್ಲಿ ತಪ್ಪು ಹುಡುಕುತ್ತ ಮಧ್ಯಾಹ್ನ ಕಳೆಯುತ್ತದೆ. ತಪ್ಪು ಅಲ್ಲಿಲ್ಲ. ಎಡಿಟ್‌ಟೆಕ್ಸ್ಟ್‌ನ ಎರಡು ನಿಯತಾಂಕದ ಕನ್‌ಸ್ಟ್ರಕ್ಟರ್ ಅನ್ನು ಕರೆದಿದ್ದರೆ ಅದು ತಾನಾಗಿ ‘ಎಡಿಟ್‌ಟೆಕ್ಸ್ಟ್‌ಸ್ಟೈಲ್’ ಎಂಬ ಹೆಸರನ್ನು ತುಂಬಿಕೊಳ್ಳುತ್ತಿತ್ತು. ನಮ್ಮ ಕ್ಲಾಸ್ ಮೂರು ನಿಯತಾಂಕದ್ದನ್ನು ಕರೆದು ಅಲ್ಲಿಗೆ ಸೊನ್ನೆಯನ್ನು ಕೊಟ್ಟಿದೆ. ನಾವು ಅಂದುಕೊಂಡದ್ದು ‘ಏನೂ ಹೇಳಿಲ್ಲ’ ಎಂದು. ಎಡಿಟ್‌ಟೆಕ್ಸ್ಟ್‌ಗೆ ಕೇಳಿಸಿದ್ದು ‘ಡೀಫಾಲ್ಟ್ ಸ್ಟೈಲ್ ಬೇಡ’ ಎಂದು. ಮುಟ್ಟಿದರೆ ಫೋಕಸ್ (ಬರೆಯಿಸಿಕೊಳ್ಳಲು ಸಿದ್ಧವಾದ ಸ್ಥಿತಿ) ಪಡೆಯಬೇಕು ಎಂಬ ಗುಣ ಕ್ಲಾಸ್‌ನಲ್ಲಿ ಇರಲೇ ಇಲ್ಲ, ಆ ಸ್ಟೈಲ್‌ನಲ್ಲಿತ್ತು. ಸ್ಟೈಲ್ ಹೋಯಿತು, ಅದರ ಜೊತೆ ನಡವಳಿಕೆಯೂ ಹೋಯಿತು. ಸ್ಟೈಲ್ ಎಂದರೆ ಬರೀ ಅಲಂಕಾರ ಎಂಬ ನಂಬಿಕೆಗೆ ಇದಕ್ಕಿಂತ ಒಳ್ಳೆಯ ಏಟು ಇಲ್ಲ. ಸರಿಮಾಡುವುದು ಸುಲಭ: ಸೊನ್ನೆಯ ಜಾಗದಲ್ಲಿ ಎಡಿಟ್‌ಟೆಕ್ಸ್ಟ್‌ಸ್ಟೈಲ್ ಅನ್ನೇ ಡೀಫಾಲ್ಟ್ ಆಗಿ ಬರೆಯಬೇಕು, ಇಲ್ಲವೇ ಬೇಸರ ಮಾಡಿಕೊಳ್ಳದೆ ಕನ್‌ಸ್ಟ್ರಕ್ಟರ್‌ಗಳನ್ನು ಒಂದೊಂದಾಗಿ ಬರೆದು ಪ್ರತಿಯೊಂದರಿಂದಲೂ ಹಿರಿಯ ಕ್ಲಾಸ್‌ನ ಅಷ್ಟೇ ನಿಯತಾಂಕಗಳ ಕನ್‌ಸ್ಟ್ರಕ್ಟರ್ ಅನ್ನು ಕರೆಯಬೇಕು. ನನ್ನ ಓಟು ಎರಡನೆಯದಕ್ಕೆ. ಹಿರಿಯ ಕ್ಲಾಸ್ ತನ್ನ ಡೀಫಾಲ್ಟ್ ಅನ್ನು ಮುಂದೆ ಬದಲಿಸಿದರೂ ನಾವು ತಾನಾಗಿ ಜೊತೆಗಿರುತ್ತೇವೆ.

ಇದೇ ಸೊನ್ನೆ ಬೇಕಾಗಿಯೇ ಬರುವ ಸಂದರ್ಭವೂ ಉಂಟು. ಕೋಡ್‌ನಿಂದ ಒಂದು ಬಟನ್ ಕಟ್ಟಿ ಅದಕ್ಕೆ ನಿಮ್ಮದೇ ಸ್ಟೈಲ್ ಕೊಡಬೇಕು ಎಂದಿಟ್ಟುಕೊಳ್ಳಿ. ಹುಟ್ಟಿದ ಮೇಲೆ ಸ್ಟೈಲ್ ಹಚ್ಚುವ ವಿಧಾನ ವ್ಯೂಗೆ ಇಲ್ಲ. ಅನೇಕರು ಮಾಡುವ ಉಪಾಯವೆಂದರೆ ಕಾಂಟೆಕ್ಸ್ಟ್‌ನ ಮೇಲೆ ತಮ್ಮ ಸ್ಟೈಲ್ ಅನ್ನು ಥೀಮ್‌ನಂತೆ ಹೊದಿಸಿ ಬಟನ್‌ಗೆ ಕೊಡುವುದು. ಆಗ ಕೆಲವು ಗುಣಗಳು ಬರುತ್ತವೆ, ಕೆಲವು ಬರುವುದಿಲ್ಲ. ಭೂತಚೇಷ್ಟೆಯೇನಲ್ಲ. ಥೀಮ್‌ನಂತೆ ಹೊದಿಸಿದ್ದು ಸರದಿಯ ಕೊನೆಯ ಸ್ಥಾನದಲ್ಲಿ ನಿಲ್ಲುತ್ತದೆ; ಡೀಫಾಲ್ಟ್ ಸ್ಟೈಲ್ ಅದಕ್ಕಿಂತ ಮುಂದಿದೆ. ಡೀಫಾಲ್ಟ್ ಸ್ಟೈಲ್ ಮಾತಾಡದ ಗುಣಗಳಲ್ಲಿ ಮಾತ್ರ ನಿಮ್ಮ ಮಾತು ನಡೆಯುತ್ತದೆ. ಡೆಫ್‌ಸ್ಟೈಲ್‌ಆಟ್ರ್ ಜಾಗದಲ್ಲಿ ಬೇಕೆಂತಲೇ ಸೊನ್ನೆ ಕೊಟ್ಟು ಆ ಮುಂದಿನವರನ್ನು ಸರಿಸಬಹುದು. ಎಪಿಐ 21ರಿಂದ ಈಚೆಗೆ ಇದಕ್ಕಿಂತ ನೇರ ದಾರಿ ಇದೆ: ಮೂರನೆಯದು ಸೊನ್ನೆ, ನಾಲ್ಕನೆಯದು ನಿಮ್ಮ ಸ್ಟೈಲ್.

ಸ್ಟೈಲ್ ಮತ್ತು ಥೀಮ್ ಒಂದೇ ಬಗೆಯ ಎಕ್ಸ್‌ಎಂಎಲ್‌ನಲ್ಲಿ ಬರೆಯಲ್ಪಡುವುದು ಈ ಗೊಂದಲಕ್ಕೆ ತುಪ್ಪ ಸುರಿಯುತ್ತದೆ. ಎರಡಕ್ಕೂ ಟ್ಯಾಗ್ ಒಂದೇ. ಆದರೆ ಸ್ಟೈಲ್ ತಾನು ಅಂಟಿದ ಒಂದು ಘಟಕಕ್ಕೆ ಮಾತ್ರ ಸಂಬಂಧಿಸಿದ್ದು. ಅದರೊಳಗಿನ ಮಕ್ಕಳಿಗೆ ಇಳಿಯುವುದಿಲ್ಲ. ಥೀಮ್ ಮಕ್ಕಳು ಮೊಮ್ಮಕ್ಕಳವರೆಗೂ ಇಳಿಯುತ್ತದೆ. ರೀಚಾರ್ಜ್ ಪುಟದ ಕಡುನೀಲಿ ಕಾರ್ಡ್‌ನ ಸಮಸ್ಯೆ ಬಗೆಹರಿಯುವುದು ಇಲ್ಲಿ. ಕಾರ್ಡ್‌ನೊಳಗಿನ ಪ್ರತಿ ಘಟಕಕ್ಕೂ ಬಿಳಿ ಬಣ್ಣ ಬರೆಯುತ್ತ ಕೂರುವ ಬದಲು ಕಾರ್ಡ್‌ಗೆ ಥೀಮ್ ಓವರ್‌ಲೇ ಒಂದನ್ನು ಕೊಟ್ಟರೆ ಸಾಕು. ಮುಖ್ಯ ಬಣ್ಣ, ಮೇಲ್ಮೈಯ ಬಣ್ಣ, ಅದರ ಮೇಲಿನ ಅಕ್ಷರದ ಬಣ್ಣ ಎಂಬ ಎರಡು ಮೂರು ಹೆಸರುಗಳ ಬೆಲೆಯನ್ನಷ್ಟೇ ಅದು ತಿರುಗಿಸುತ್ತದೆ, ಒಳಗಿನವೆಲ್ಲ ಹಿಂಬಾಲಿಸುತ್ತವೆ. ಒಂದೇ ಷರತ್ತು: ನಿಮ್ಮ ಸ್ಟೈಲ್‌ಗಳಲ್ಲಿ ಬಣ್ಣವನ್ನು ನೇರ ಸಂಖ್ಯೆಯಾಗಿ ಬರೆದಿರಬಾರದು, ಥೀಮ್‌ನ ಹೆಸರಿನ ಮೂಲಕ ಕೇಳಿರಬೇಕು. ಸ್ಟೈಲ್ ಕಡತದಲ್ಲಿ ಹೆಕ್ಸ್ ಸಂಖ್ಯೆ ಕಂಡರೆ ನಾನು ಅಲ್ಲಿಯೇ ಓದು ನಿಲ್ಲಿಸಿ ಕಾರಣ ಕೇಳುತ್ತೇನೆ.

ನಿಮ್ಮದೇ ಹೊಸ ಗುಣ, ನಮ್ಮ ಉದಾಹರಣೆಯಲ್ಲಿ ಚಿಹ್ನೆಯ ಬಣ್ಣ, ಮೊದಲು ಒಂದು ಸಂಪನ್ಮೂಲ ಕಡತದಲ್ಲಿ ಹೆಸರು ಮತ್ತು ಬಗೆಯೊಂದಿಗೆ ಘೋಷಣೆಯಾಗಬೇಕು. ಕನ್‌ಸ್ಟ್ರಕ್ಟರ್‌ನಲ್ಲಿ ಅವುಗಳನ್ನೆಲ್ಲ ಒಟ್ಟಿಗೆ ಕೇಳಿ ಪಡೆಯುವ ಪಟ್ಟಿಯ ಹೆಸರು ಟೈಪ್ಡ್ ಅರೇ. ಓದಿ ಮುಗಿದ ಮೇಲೆ ಅದನ್ನು ಮರಳಿಸಬೇಕು. ಹೆಚ್ಚಿನ ವಿವರ ಬೇಡ, ದಾಖಲೆಗಳಲ್ಲಿ ಚೆನ್ನಾಗಿಯೇ ಇದೆ. ಆದರೆ ಬಣ್ಣ ಓದುವಾಗ ಒಂದು ಎಚ್ಚರ. ಬಣ್ಣ ಕೊಡು, ಇಲ್ಲದಿದ್ದರೆ ಸೊನ್ನೆ ಕೊಡು ಎಂದು ಕೇಳುವುದು ಎಲ್ಲರ ರೂಢಿ. ಆಂಡ್ರಾಯ್ಡ್‌ನಲ್ಲಿ ಸೊನ್ನೆಯೂ ಒಂದು ಬಣ್ಣ: ಪೂರ್ತಿ ಪಾರದರ್ಶಕ. ಉತ್ತರ ಸೊನ್ನೆ ಬಂದಾಗ, ಬಳಸುವವರು ಚಿಹ್ನೆ ಕಾಣಬಾರದು ಎಂದರೋ ಅಥವಾ ಏನೂ ಹೇಳಲಿಲ್ಲವೋ ತಿಳಿಯುವುದು ಹೇಗೆ? ಅದಕ್ಕೇ ‘ಹ್ಯಾಸ್‌ವ್ಯಾಲ್ಯೂ’ ಎಂಬ ಬೇರೆಯದೇ ಪ್ರಶ್ನೆ ಇದೆ. ಮೊದಲು ಅದನ್ನು ಕೇಳಬೇಕು, ಆಮೇಲೆ ಬೆಲೆ.

ಗೂಗಲ್‌ನ ಮೆಟೀರಿಯಲ್ ವಿನ್ಯಾಸದ ಘಟಕಗಳಿಗೆ ಮೊದಲ ಬಾರಿ ಬದಲಾದವರೆಲ್ಲ ತಲೆ ಚಚ್ಚಿಕೊಂಡ ಪ್ರಸಂಗವೂ ಇದೇ ಜಾತಿಯದು. ಬಟನ್‌ಗೆ ತಾವೇ ಬಿಡಿಸಿದ ಹಸಿರು ಹಿನ್ನೆಲೆ ಕೊಟ್ಟರು. ಪರದೆಯ ಮೇಲೆ ಅದು ಥೀಮ್‌ನ ಮುಖ್ಯ ಬಣ್ಣದಲ್ಲಿ, ಎಂದರೆ ಹೊಸ ಆ್ಯಪ್‌ನಲ್ಲಿ ನೇರಳೆಯಾಗಿ ಬಂತು. ಮೆಟೀರಿಯಲ್ ಥೀಮ್ ಇದ್ದಾಗ ಲೇಔಟ್‌ನಲ್ಲಿ ಬಟನ್ ಎಂದು ಬರೆದದ್ದು ಸದ್ದಿಲ್ಲದೆ ಮೆಟೀರಿಯಲ್‌ಬಟನ್ ಆಗುತ್ತದೆ. ಅದರ ಡೀಫಾಲ್ಟ್ ಸ್ಟೈಲ್‌ನಲ್ಲಿ ಹಿನ್ನೆಲೆಗೆ ಬಣ್ಣ ಬಳಿಯುವ ‘ಬ್ಯಾಕ್‌ಗ್ರೌಂಡ್‌ಟಿಂಟ್’ ಎಂಬ ಪ್ರತ್ಯೇಕ ಗುಣವಿದೆ. ನೀವು ಹಿನ್ನೆಲೆಯ ಬಗ್ಗೆ ಹೇಳಿದಿರಿ, ಟಿಂಟ್ ಬಗ್ಗೆ ಹೇಳಲಿಲ್ಲ. ಹೇಳದ ಜಾಗದಲ್ಲಿ ಡೀಫಾಲ್ಟ್ ಮಾತಾಡಿತು, ನಿಮ್ಮ ಹಸಿರಿನ ಮೇಲೆ ನೇರಳೆ ಬಳಿಯಿತು. ಟಿಂಟ್‌ಗೆ ‘ನಲ್’ ಎಂದು ಬಾಯಿಬಿಟ್ಟು ಬರೆದರೆ ಹಸಿರು ಉಳಿಯುತ್ತದೆ. ಇಲ್ಲಿ ‘ನಲ್’ ಎಂದರೆ ಮೌನವಲ್ಲ, ಬೇಡ ಎಂಬ ಸ್ಪಷ್ಟ ಮಾತು.

ಡೀಫಾಲ್ಟ್‌ಗಳು ಯಾರ ಭಾಷೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯಲ್ಪಟ್ಟಿವೆ ಎಂಬುದನ್ನೂ ನೋಡಬೇಕು. ಹಿಂದಿನ ಮೆಟೀರಿಯಲ್ ಬಟನ್‌ನ ಡೀಫಾಲ್ಟ್ ಸ್ಟೈಲ್ ಅಕ್ಷರಗಳನ್ನೆಲ್ಲ ಇಂಗ್ಲಿಷಿನ ದೊಡ್ಡಕ್ಷರ ಮಾಡುತ್ತಿತ್ತು, ಅಕ್ಷರಗಳ ನಡುವೆ ಅಂತರ ಬಿಡುತ್ತಿತ್ತು. ಕನ್ನಡದಲ್ಲಿ ದೊಡ್ಡಕ್ಷರ ಸಣ್ಣಕ್ಷರ ಎಂಬ ಭೇದವೇ ಇಲ್ಲ. ಮೊದಲ ಗುಣ ವ್ಯರ್ಥ, ಎರಡನೆಯದು ಪದವನ್ನು ಸುಮ್ಮನೆ ಚದುರಿಸುವ ಕೆಲಸ. ಕನ್ನಡ ಆ್ಯಪ್ ಮಾಡುವವರು ಈ ಎರಡನ್ನೂ ಥೀಮ್‌ನ ‘ಮೆಟೀರಿಯಲ್‌ಬಟನ್‌ಸ್ಟೈಲ್’ನಲ್ಲಿ ಒಮ್ಮೆ ತೆಗೆದುಹಾಕಿದರೆ ಇಡೀ ಆ್ಯಪ್‌ಗೆ ಆಯಿತು. ಮೆಟೀರಿಯಲ್‌ನ ಮೂರನೆಯ ಆವೃತ್ತಿ ದೊಡ್ಡಕ್ಷರದ ಹಟವನ್ನು ತಾನೇ ಬಿಟ್ಟಿದೆ.

ಇದಕ್ಕಿಂತ ಗಂಭೀರವಾದದ್ದು ಎತ್ತರದ ವಿಷಯ. ‘ವ್ಯವಸ್ಥೆ’, ‘ಸ್ವಾತಂತ್ರ್ಯ’ ಎಂದು ಬರೆದಾಗ ಒತ್ತಕ್ಷರಗಳು ಕೆಳಗೆ ಇಳಿಯುತ್ತವೆ; ಲ್ಯಾಟಿನ್ ಲಿಪಿಯ ಅಳತೆಗೆ ಕತ್ತರಿಸಿದ ಸಾಲಿನಲ್ಲಿ ಅವಕ್ಕೆ ಜಾಗ ಸಾಲದು. ಆಂಡ್ರಾಯ್ಡ್ ಇದಕ್ಕಾಗಿ ಕನ್ನಡಕ್ಕೆ ಎರಡು ಬಗೆಯ ಅಕ್ಷರಗಳನ್ನು ಇಟ್ಟುಕೊಂಡಿತ್ತು: ಸಾಲಿನೊಳಗೆ ಒತ್ತಿ ಕೂರಿಸಿದ ನೋಟೋ ಸಾನ್ಸ್ ಕನ್ನಡ ಯುಐ, ಮತ್ತು ಕೈಕಾಲು ಚಾಚಿಕೊಂಡ ನೋಟೋ ಸಾನ್ಸ್ ಕನ್ನಡ. ಎರಡರಲ್ಲಿ ಯಾವುದು ಎಂದು ಹೇಳುವ ಗುಣ ‘ಎಲಿಗೆಂಟ್ ಟೆಕ್ಸ್ಟ್ ಹೈಟ್’. ಬಹುಕಾಲ ಅದರ ಡೀಫಾಲ್ಟ್ ‘ಇಲ್ಲ’ ಎಂದಿತ್ತು, ಅಂದರೆ ಯಾರೂ ಏನೂ ಹೇಳದಿದ್ದರೆ ಕನ್ನಡಕ್ಕೆ ಒತ್ತಿದ ಅಕ್ಷರವೇ ಗತಿ. 2024ರ ಆಂಡ್ರಾಯ್ಡ್ 15ರಲ್ಲಿ, ಆ ಆವೃತ್ತಿಯನ್ನು ಗುರಿಯಾಗಿಸಿಕೊಂಡ ಆ್ಯಪ್‌ಗಳಿಗೆ ಅದು ‘ಹೌದು’ ಎಂದಾಯಿತು; ಕನ್ನಡದ ಜೊತೆ ತಮಿಳು, ತೆಲುಗು, ಮಲಯಾಳಂ, ಗುಜರಾತಿ, ಒಡಿಯಾ ಮೊದಲಾದ ಲಿಪಿಗಳಿಗೂ ಅನ್ವಯಿಸಿತು. ಆಂಡ್ರಾಯ್ಡ್ 16ನ್ನು ಗುರಿಯಾಗಿಸಿದರೆ ಆ ಗುಣಕ್ಕೆ ಕಿವಿಗೊಡುವುದನ್ನೇ ನಿಲ್ಲಿಸಲಾಗಿದೆ. ನಿಮ್ಮ ಕೋಡ್‌ನ ರೂಪದ ಸಾಲು ಒಂದೂ ಬದಲಾಗದೆ, ಗುರಿಯ ಸಂಖ್ಯೆ ಏರಿಸಿದ ದಿನ ಕನ್ನಡ ಸಾಲುಗಳು ಎತ್ತರವಾದವು. ಎತ್ತರವನ್ನು 36 ಡಿಪಿ (ಆಂಡ್ರಾಯ್ಡ್‌ನ ಅಳತೆಯ ಮಾನ) ಎಂದು ಬಿಗಿದಿಟ್ಟ ಪೆಟ್ಟಿಗೆಗಳಲ್ಲಿ ಅಕ್ಷರದ ಕಾಲು ಕತ್ತರಿಸಿಹೋಗುವ ಅಪಾಯ, ಕನಿಷ್ಠ ಎತ್ತರವನ್ನಷ್ಟೇ ಹೇಳಿ ಮಿಕ್ಕದ್ದನ್ನು ಅಕ್ಷರಕ್ಕೆ ಬಿಟ್ಟ ಪೆಟ್ಟಿಗೆಗಳಿಗಿಲ್ಲ. ಮರುಬಳಕೆಯ ಘಟಕದ ಸ್ಟೈಲ್‌ನಲ್ಲಿ ಬಿಗಿ ಎತ್ತರ ಬರೆಯಬಾರದು ಎಂದು ನಾನು ಪಟ್ಟು ಹಿಡಿಯುವುದು ಇದಕ್ಕೇ.

ಇತರ ಪರಿಸರಗಳೂ ಇದೇ ಸರದಿಯನ್ನು ತಮ್ಮ ತಮ್ಮ ರೀತಿಯಲ್ಲಿ ಕಟ್ಟಿಕೊಂಡಿವೆ. ಗೂಗಲ್‌ನದೇ ಇನ್ನೊಂದು ಆ್ಯಪ್ ಕಟ್ಟುವ ಸಲಕರಣೆಯಾದ ಫ್ಲಟರ್‌ನಲ್ಲಿ ಮೊದಲಿದ್ದ ರೈಸ್ಡ್‌ಬಟನ್‌ನ ಕನ್‌ಸ್ಟ್ರಕ್ಟರ್ ನಾನು ಮೇಲೆ ಹೇಳಿದ ಎರಡನೆಯ ಅವಸರದ ದಾರಿಯ ಜೀವಂತ ನಿದರ್ಶನವಾಗಿತ್ತು: ಬಣ್ಣ, ಅಕ್ಷರದ ಬಣ್ಣ, ನಿಷ್ಕ್ರಿಯವಾದಾಗಿನ ಬಣ್ಣ, ಆಗಿನ ಅಕ್ಷರದ ಬಣ್ಣ, ಫೋಕಸ್ ಬಣ್ಣ, ಚಿಮ್ಮುವ ಬಣ್ಣ, ಒಂದೊಂದಕ್ಕೂ ಒಂದೊಂದು ನಿಯತಾಂಕ. 2020ರ ಅಕ್ಟೋಬರ್‌ನಲ್ಲಿ 1.22ನೆಯ ಆವೃತ್ತಿಯೊಂದಿಗೆ ಆ ಸಂಸಾರವನ್ನು ಬದಿಗಿಟ್ಟು ಎಲಿವೇಟೆಡ್‌ಬಟನ್, ಟೆಕ್ಸ್ಟ್‌ಬಟನ್, ಔಟ್‌ಲೈನ್ಡ್‌ಬಟನ್ ತಂದರು. ಈಗ ರೂಪದ ಗುಣಗಳೆಲ್ಲ ಬಟನ್‌ಸ್ಟೈಲ್ ಎಂಬ ಒಂದೇ ವಸ್ತುವಿನಲ್ಲಿವೆ. ಅದರ ಪ್ರತಿ ಗುಣವೂ ‘ನಲ್’ ಆಗಬಹುದು, ‘ನಲ್’ ಎಂದರೆ ಮೌನ. ಬಟನ್‌ನ ಸ್ವಂತ ಸ್ಟೈಲ್, ಆಮೇಲೆ ಥೀಮ್, ಆಮೇಲೆ ಡೀಫಾಲ್ಟ್ ಎಂದು ಪ್ರತಿ ಗುಣಕ್ಕೂ ಸರದಿ ನಡೆಯುತ್ತದೆ. ಒತ್ತಿದಾಗ ಒಂದು, ನಿಷ್ಕ್ರಿಯವಾದಾಗ ಇನ್ನೊಂದು ಎಂದು ಸ್ಥಿತಿಗೆ ತಕ್ಕ ಉತ್ತರವನ್ನೂ ಒಂದೇ ಗುಣದೊಳಗೆ ಇಡಬಹುದು. ಚಿತ್ರವಿರುವ ಬಟನ್ ಬೇಕೆಂದರೆ ‘ಎಲಿವೇಟೆಡ್‌ಬಟನ್ ಡಾಟ್ ಐಕಾನ್’, ತಿಳಿಬಣ್ಣದ್ದು ಬೇಕೆಂದರೆ ‘ಫಿಲ್ಡ್‌ಬಟನ್ ಡಾಟ್ ಟೋನಲ್’ ಎಂದು ಹೆಸರುಳ್ಳ ಕನ್‌ಸ್ಟ್ರಕ್ಟರ್‌ಗಳಿವೆ. ಓದುವವರಿಗೆ ಹೌದು-ಇಲ್ಲ ಎಂಬ ನಿಯತಾಂಕಗಳಿಗಿಂತ ಇವು ಎಷ್ಟೋ ಸ್ಪಷ್ಟ.

ಮೌನವನ್ನು ‘ನಲ್’ ಎಂದು ಬರೆದದ್ದಕ್ಕೆ ಫ್ಲಟರ್ ತೆರುವ ಬೆಲೆಯೂ ಒಂದಿದೆ. ಇದ್ದ ಸ್ಟೈಲ್‌ನ ಪ್ರತಿ ಮಾಡಿ ಒಂದೆರಡು ಗುಣ ಬದಲಿಸುವ ‘ಕಾಪಿವಿತ್’ ವಿಧಾನದಲ್ಲಿ ಒಂದು ಗುಣವನ್ನು ಮರಳಿ ಮೌನಕ್ಕೆ ಕಳಿಸಲಾಗದು. ‘ನಲ್’ ಕೊಟ್ಟರೆ ಅದು ‘ಬದಲಿಸಬೇಡ’ ಎಂದೇ ಓದುತ್ತದೆ. 2021ರ ಜುಲೈನಲ್ಲಿ 1.0 ಮುಟ್ಟಿದ, ಆಂಡ್ರಾಯ್ಡ್‌ನಲ್ಲಿ ಪರದೆ ಕಟ್ಟುವ ಹೊಸ ಸಲಕರಣೆಯಾದ ಜೆಟ್‌ಪ್ಯಾಕ್ ಕಂಪೋಸ್ ಬೇರೆ ಉಪಾಯ ಮಾಡಿತು. ಅಲ್ಲಿ ಕನ್‌ಸ್ಟ್ರಕ್ಟರ್ ಕೂಡ ಇಲ್ಲ, ಬರೀ ಫಂಕ್ಷನ್. ಆದರೆ ‘ಹೇಳಿಲ್ಲ’ ಎಂಬುದಕ್ಕೆ ‘ಕಲರ್ ಡಾಟ್ ಅನ್‌ಸ್ಪೆಸಿಫೈಡ್’ ಎಂಬ ಮೀಸಲು ಬೆಲೆ ಇದೆ, ಪಾರದರ್ಶಕ ಬಣ್ಣದೊಂದಿಗೆ ಅದು ಕಲಸಿಹೋಗುವುದಿಲ್ಲ. ಅಕ್ಷರಕ್ಕೆ ಬಣ್ಣ ಹೇಳಿದ್ದರೆ ಅದು, ಇಲ್ಲವಾದರೆ ಕೊಟ್ಟ ಸ್ಟೈಲ್‌ನ ಬಣ್ಣ, ಅದೂ ಹೇಳಿಲ್ಲವಾದರೆ ಸುತ್ತಲಿನ ಘಟಕ ಇಳಿಸಿದ ಬಣ್ಣ. ಕೋಡ್‌ನಲ್ಲಿ ಇದು ಕೆಲವೇ ಸಾಲು. ಆಂಡ್ರಾಯ್ಡ್‌ನ ನಾಲ್ಕು ಕನ್‌ಸ್ಟ್ರಕ್ಟರ್‌ಗಳ ಪಾಡು ಕಂಡವರಿಗೆ ಆ ಕೆಲವು ಸಾಲು ಓದಿದಾಗ ಹಗುರವೆನಿಸುತ್ತದೆ.

ಹಾಗಾದರೆ ಘಟಕ ಬರೆಯುವವರು ಎಷ್ಟನ್ನು ತೆರೆದಿಡಬೇಕು? ನನ್ನ ಅಭಿಪ್ರಾಯ ಜಿಪುಣತನದ ಕಡೆಗಿದೆ. ಕೇಳುವ ಮೊದಲೇ ಕೊಟ್ಟ ಗುಣವನ್ನು ಹಿಂದಕ್ಕೆ ಪಡೆಯುವುದು ಕಷ್ಟ, ಎಲ್ಲೋ ಯಾರದೋ ಲೇಔಟ್‌ನಲ್ಲಿ ಅದು ಆಗಲೇ ಕೂತಿರುತ್ತದೆ. ಮೊತ್ತದ ಪೆಟ್ಟಿಗೆಯಲ್ಲಿ ಚಿಹ್ನೆಯ ಬಣ್ಣ, ಚಿಹ್ನೆ ಮತ್ತು ಅಂಕಿಯ ನಡುವಿನ ಅಂತರ ಇವು ತೆರೆದಿರಲಿ. ಅಲ್ಪವಿರಾಮದ ನಿಯಮವನ್ನು ಸ್ಟೈಲ್‌ಗೆ ಬಿಡಬಾರದು. ಥೀಮ್ ಬದಲಿಸಿದ ಮಾತ್ರಕ್ಕೆ ಲಕ್ಷದ ಜಾಗ ಬದಲಾಗುವುದು ಹಣದ ವಿಷಯದಲ್ಲಿ ತಮಾಷೆಯಲ್ಲ. ಮೂರು ಪುಟಗಳಲ್ಲಿ ಕಾಣುವ ಮೂರು ರೂಪಗಳಿಗೆ ಹೆಸರಿಟ್ಟ ಮೂರು ಸ್ಟೈಲ್‌ಗಳನ್ನು ನೀವೇ ಕೊಟ್ಟುಬಿಟ್ಟರೆ ಹೆಚ್ಚಿನವರು ಬಿಡಿ ಗುಣಗಳ ತಂಟೆಗೆ ಬರುವುದಿಲ್ಲ.

ಇಷ್ಟಾದರೂ ಒಂದು ದಿನ ಯಾವುದೋ ಬಣ್ಣ ಎಲ್ಲಿಂದ ಬಂತು ಎಂದು ತಿಳಿಯದೆ ಕೂರುವ ಸರದಿ ಬಂದೇ ಬರುತ್ತದೆ. ಆಗ ಊಹಿಸುತ್ತ ಕೂರಬೇಡಿ. ಆಂಡ್ರಾಯ್ಡ್ ಸ್ಟುಡಿಯೋದ ಲೇಔಟ್ ಇನ್‌ಸ್ಪೆಕ್ಟರ್‌ನಲ್ಲಿ ಗುಣವೊಂದನ್ನು ಬಿಡಿಸಿ ನೋಡಿದರೆ ಲೇಔಟ್, ಸ್ಟೈಲ್, ಥೀಮ್‌ಗಳಲ್ಲಿ ಯಾರು ಯಾರು ಏನೇನು ಹೇಳಿದ್ದರು, ಯಾರ ಮಾತು ಗೆದ್ದಿತು ಎಂಬ ಪಟ್ಟಿ ಸಿಗುತ್ತದೆ. ನಿಮ್ಮ ಸ್ವಂತ ಗುಣಗಳು ಎಲ್ಲಿಂದ ಬಂದವು ಎಂಬ ವಿವರ ಮಾತ್ರ ತಾನಾಗಿ ದಾಖಲಾಗುವುದಿಲ್ಲ. ಅದಕ್ಕೆ ಎಪಿಐ 29ರಲ್ಲಿ ಬಂದ ‘ಸೇವ್ ಆಟ್ರಿಬ್ಯೂಟ್ ಡೇಟಾ ಫಾರ್ ಸ್ಟೈಲಬಲ್’ ಎಂಬ ಉದ್ದ ಹೆಸರಿನ ವಿಧಾನವನ್ನು ಕನ್‌ಸ್ಟ್ರಕ್ಟರ್‌ನಲ್ಲಿ, ಟೈಪ್ಡ್ ಅರೇಯನ್ನು ಮರಳಿಸುವ ಮುನ್ನ ಕರೆದಿರಬೇಕು. ಒಂದು ಸಾಲಿನ ಕೆಲಸ. ನಿಮ್ಮ ಘಟಕವನ್ನು ಬಳಸಲಿರುವ ಅಪರಿಚಿತರಿಗೆ ಒಂದು ಮಧ್ಯಾಹ್ನ ಉಳಿಯುತ್ತದೆ.